ಅಮ್ಮನ ಕೋಣೆಯ ಎಸಿ ಮತ್ತು ಒಂದು ಬಾಲ್ದಿ ನೀರು

ಬೆಳಿಗ್ಗೆ ಆರಕ್ಕೆ ಎದ್ದು ಹಿತ್ತಲ ಬಾಗಿಲು ತೆಗೆದರೆ ನಾನು ಮೊದಲು ಹೋಗುವುದು ಅಮ್ಮನ ಕೋಣೆಯ ಕಿಟಕಿಯ ಕೆಳಗೆ. ಅಲ್ಲೊಂದು ನೀಲಿ ಬಾಲ್ದಿ ಇದೆ. ಎಸಿಯಿಂದ ಇಳಿದು ಬರುವ ಬಿಳಿ ಪೈಪಿನ ತುದಿಯನ್ನು ಅದರೊಳಗೆ ಬಿಟ್ಟಿದ್ದೇನೆ. ಮಾರ್ಚ್ 11ರ ಬೆಳಿಗ್ಗೆ ಅದರಲ್ಲಿದ್ದ ನೀರನ್ನು ಹಾಲಿನ ಲೀಟರ್ ಪಾತ್ರೆಯಲ್ಲಿ ಅಳೆದೆ. ಒಂಬತ್ತೂವರೆ ಲೀಟರ್ ಇತ್ತು. ಮುಂದೆ ಹೋಗಿ ಮೀಟರ್ ನೋಡಿದೆ. ಆ ರಾತ್ರಿ ಎಸಿ ಒಂದೇ ತೆಗೆದುಕೊಂಡ ಕರೆಂಟು 5.1 ಯೂನಿಟ್.

ಈ ಎರಡು ಅಂಕಿಗಳಿಗೆ ಎಂಥ ಸಂಬಂಧ ಎಂದು ತಿಳಿಯಲು ನನಗೆ ಒಂದು ಬೇಸಿಗೆ ಬೇಕಾಯಿತು. ನಮ್ಮ ಕರಾವಳಿಯಲ್ಲಿ ವಯಸ್ಸಾದವರಿರುವ ಮನೆಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಉಡುಪಿಯ ಕಲ್ಮಾಡಿಯಲ್ಲಿ. ಮಲ್ಪೆ ಇಲ್ಲಿಂದ ದೂರವಿಲ್ಲ, ಸಂಜೆಯ ಗಾಳಿಯಲ್ಲಿ ಉಪ್ಪು ಇರುತ್ತದೆ. ಹದಿನಾಲ್ಕು ವರ್ಷದ ಹಿಂದೆ ಕಟ್ಟಿದ ತಾರಸಿ ಮನೆ. ಅಮ್ಮ ಮದುವೆಯಾಗಿ ಬಂದದ್ದು ಬ್ರಹ್ಮಾವರದ ಕಡೆಯ ಹಳೆ ಮನೆಗೆ. ಅದಕ್ಕೆ ಹಂಚಿನ ಮಾಡು, ಅದರ ಕೆಳಗೆ ಮುಚ್ಚಿಗೆ. ಮರದ ಹಲಗೆಯ ಮೇಲೆ ಮಣ್ಣು ಹಾಕಿ ಮಾಡಿದ ಮುಚ್ಚಿಗೆಯ ಕೆಳಗೆ ಏಪ್ರಿಲ್ ಮಧ್ಯಾಹ್ನವೂ ಚಾಪೆ ಹಾಸಿ ಮಲಗಬಹುದಿತ್ತು. ಇಲ್ಲಿ ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೆರಡರವರೆಗೆ ನಮ್ಮ ಮೇಲೆ ಬಿಡುತ್ತದೆ. ಅಮ್ಮನ ಕೋಣೆ ಪಡುವಣ ಮೂಲೆಯಲ್ಲಿದೆ. ಆ ಕೋಣೆಯನ್ನು ಅವಳಿಗೆ ಕೊಟ್ಟವನು ನಾನೇ, ಕಿಟಕಿಯಿಂದ ತೆಂಗಿನ ತೋಟ ಕಾಣುತ್ತದೆಂದು.

2024ರ ಮೇ ತಿಂಗಳ ಒಂದು ಬೆಳಿಗ್ಗೆ ಅಮ್ಮ ಬಚ್ಚಲ ಬಾಗಿಲಲ್ಲಿ ಕುಸಿದು ಕುಳಿತಳು. ಅವಳಿಗೆ ಆಗ 78. ಬಿದ್ದದ್ದಲ್ಲ, ಕಾಲಿನ ಬಲವೇ ಹೋದ ಹಾಗೆ ಮೆಲ್ಲಗೆ ಇಳಿದದ್ದು. ಮೈ ಒದ್ದೆ, ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ ತೀರಾ ಇಳಿದಿತ್ತು. ಬಿಪಿಗೆಂದು ಅವಳು ತೆಗೆದುಕೊಳ್ಳುವ ಮಾತ್ರೆ ಮೂತ್ರ ಹೆಚ್ಚು ಮಾಡುವಂಥದ್ದು. ಅದರ ಮೇಲೆ ರಾತ್ರಿಯಿಡೀ ಬೆವರು. ಮೂರು ದಿನ ಡ್ರಿಪ್ ಹಾಕಿದರು. ಡಾಕ್ಟರು ಬಿಡಿಸಿ ಹೇಳಿದರು: ಬೆವರು ಬಂದರೆ ಸಾಲದು, ಅದು ಆರಿದರೆ ಮಾತ್ರ ಮೈ ತಣ್ಣಗಾಗುವುದು, ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ. ಕಲಬುರಗಿಯ 42 ಡಿಗ್ರಿಯ ಪಕ್ಕದಲ್ಲಿ ನಮ್ಮ 34 ಡಿಗ್ರಿ ಏನೂ ಅಲ್ಲ ಎಂದು ಕಾಣುತ್ತದೆ. ಆದರೆ ಸೆಕೆ ಎಂಬುದು ಥರ್ಮಾಮೀಟರಿನಲ್ಲಿ ಪೂರ್ತಿ ಕಾಣುವ ವಸ್ತು ಅಲ್ಲ.

ಆ ಬೇಸಿಗೆಗೆ ಮೊದಲೇ ನಾವು ಎಸಿಯ ಮಾತು ಆಡಿದ್ದೆವು. ಬೇಡವೆಂದು ಬಿಟ್ಟದ್ದು ಬಿಲ್ಲಿನ ಹೆದರಿಕೆಗೆ. ಎಸಿ ಹಾಕಿದ ಮೇಲೆ ತಿಂಗಳಿಗೆ ಐದು ಸಾವಿರ ಬರುತ್ತದೆ ಎಂದು ಒಬ್ಬರು ಹೇಳಿದರು, ಎಂಟು ಸಾವಿರ ಎಂದು ಇನ್ನೊಬ್ಬರು. ಯಾರೂ ಅಳೆದವರಲ್ಲ. ನಾನೂ ಅಳೆಯದೆ ನಂಬಿದೆ. ಅದರ ಬದಲು ಪೇಟೆಯ ಒಂದು ಅಂಗಡಿಯವರು ಹೇಳಿದ್ದನ್ನು ಕೇಳಿ 8,500 ರೂಪಾಯಿ ಕೊಟ್ಟು ಏರ್ ಕೂಲರ್ ತಂದೆ. ಕರೆಂಟೂ ಕಡಿಮೆ, ತಂಪೂ ಹೌದು ಎಂದಿದ್ದರು. ಕೂಲರ್ ಮಾಡುವುದು ಗಾಳಿಗೆ ನೀರು ಸೇರಿಸುವ ಕೆಲಸ. ಒಣಹವೆಯ ಊರಿನಲ್ಲಿ ಅದು ತಂಪು. ನಮ್ಮಲ್ಲಿ ಗಾಳಿ ಆಗಲೇ ನೀರು ಹೊತ್ತು ನಿಂತಿದೆ, ಅದಕ್ಕೆ ಇನ್ನಷ್ಟು ಸೇರಿಸಿದರೆ ಹಾಸಿಗೆ ಹಸಿಯಾಗುತ್ತದೆ ಅಷ್ಟೆ. ಅಮ್ಮನ ತಲೆದಿಂಬಿಗೆ ಬೂಷ್ಟು ಹಿಡಿಯಿತು. ಮೇ ತಿಂಗಳಲ್ಲಿ ಅವಳು ಕುಸಿದಾಗ ಆ ಕೂಲರ್ ಅದೇ ಕೋಣೆಯಲ್ಲಿ ಓಡುತ್ತಿತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಏಕೆಂದರೆ ನನಗೆ ಇದು ಗೊತ್ತಿರಬೇಕಾದ ವಿಷಯ. ಮಣಿಪಾಲದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ 22 ವರ್ಷದಿಂದ ನನ್ನ ಕೆಲಸ. ಮೆಷಿನ್ ವಿಭಾಗದಲ್ಲಿ ನಮ್ಮ ದೊಡ್ಡ ಶತ್ರು ಶಾಯಿಯೂ ಅಲ್ಲ, ಪ್ಲೇಟೂ ಅಲ್ಲ, ಹವೆಯ ಪಸೆ. ಕಾಗದ ನೀರು ಕುಡಿಯುತ್ತದೆ, ಹಿಗ್ಗುತ್ತದೆ. ನಾಲ್ಕು ಬಣ್ಣ ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಬೇಕು; ಬೆಳಿಗ್ಗೆ ನೀಲಿ ಹೊಡೆದ ಹಾಳೆ ಮಧ್ಯಾಹ್ನಕ್ಕೆ ಅರ್ಧ ಮಿಲಿಮೀಟರ್ ಹಿಗ್ಗಿದ್ದರೆ ಹಳದಿ ಹೊರಗೆ ಹೋಗುತ್ತದೆ, ಮುಖದ ಚಿತ್ರದಲ್ಲಿ ತುಟಿಗೆ ಎರಡು ಅಂಚು ಬರುತ್ತದೆ. ಅದಕ್ಕೇ ನಮ್ಮ ಮೆಷಿನ್ ಹಾಲಿನ ಗೋಡೆಯಲ್ಲಿ ಆರ್ದ್ರತೆಯ ಮೀಟರ್ ತೂಗುಹಾಕಿದ್ದೇವೆ, ಮುಳ್ಳು 55 ಶೇಕಡಾದ ಆಸುಪಾಸು ಇರಬೇಕು. ಎಸಿ ಎಂಬ ಯಂತ್ರ ಹುಟ್ಟಿದ್ದೂ ಪ್ರೆಸ್ಸಿನ ಈ ಕಷ್ಟದಿಂದಲೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯದವರಿಗೆ ಬೇಸಿಗೆಯ ಪಸೆಯಿಂದ ಬಣ್ಣ ಕೂರುತ್ತಿರಲಿಲ್ಲ. 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ಅದರ ನೀರು ಇಳಿಸುವ ವ್ಯವಸ್ಥೆಯ ನಕ್ಷೆ ಮಾಡಿದರು. ಜನರನ್ನು ತಂಪು ಮಾಡುವುದಕ್ಕಲ್ಲ, ಕಾಗದವನ್ನು ಕಾಪಾಡುವುದಕ್ಕೆ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದದ್ದು. ಜುಲೈ ಮಳೆಯಲ್ಲಿ ಆ ಬಾಸೆಲ್ ಮಿಷನ್ ಪ್ರೆಸ್ಸಿನ ಕೆಲಸಗಾರರು ಕಾಗದವನ್ನು ಹೇಗೆ ಒಣಗಿಸಿಕೊಂಡರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕಾಗದಕ್ಕೆ 55 ಬೇಕು ಎಂದು 22 ವರ್ಷ ಕಾದವನು ಅಮ್ಮ ಮಲಗುವ ಕೋಣೆಗೆ ಎಷ್ಟಿದೆ ಎಂದು ಒಂದು ದಿನವೂ ನೋಡಿರಲಿಲ್ಲ. 2025ರ ಫೆಬ್ರವರಿಯ ಕೊನೆಗೆ ಒಂದು ಸಣ್ಣ ಆರ್ದ್ರತೆ ಮೀಟರ್ ತಂದು ಅವಳ ಮಂಚದ ತಲೆಗೆ ಇಟ್ಟೆ. ರಾತ್ರಿ ಹತ್ತಕ್ಕೆ 31 ಡಿಗ್ರಿ, 84 ಶೇಕಡಾ. ಮರುದಿನವೇ ಎಸಿ ನೋಡಲು ಹೋದೆ.

ಅಂಗಡಿಯವರು ಒಂದೂವರೆ ಟನ್ನೇ ತೆಗೆದುಕೊಳ್ಳಿ ಎಂದು ಬಹಳ ಹೇಳಿದರು. ಟನ್ ಎಂದರೆ ಯಂತ್ರದ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ತೆಗೆದು ಹೊರಗೆ ಹಾಕುವ ಶಕ್ತಿ, ಸುಮಾರು ಮೂರೂವರೆ ಕಿಲೋವ್ಯಾಟ್. ಅಮ್ಮನ ಕೋಣೆ ಹತ್ತಡಿ ಹನ್ನೊಂದಡಿ. ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿದರೆ ಕೋಣೆ ಬೇಗ ತಣ್ಣಗಾಗಿ ಯಂತ್ರ ನಿಲ್ಲುತ್ತದೆ ಅಥವಾ ತೀರಾ ನಿಧಾನವಾಗುತ್ತದೆ. ನೀರು ಇಳಿಸುವಷ್ಟು ಹೊತ್ತು ಓಡುವುದೇ ಇಲ್ಲ. ತಣ್ಣಗೆ, ಆದರೆ ಜಿಗುಟು. ನಾನು ಒಂದು ಟನ್ನಿನ ಐದು ಸ್ಟಾರಿನ ಇನ್ವರ್ಟರ್ ಎಸಿ, ಎಂದರೆ ಬೇಕಾದಷ್ಟೇ ವೇಗದಲ್ಲಿ ಓಡುವಂಥದ್ದು, ತೆಗೆದುಕೊಂಡೆ. ಮೇಲಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ 500ರ ಮೇಲೆ ಚಿಲ್ಲರೆ ಯೂನಿಟ್ ಎಂದಿತ್ತು. ಆ ಅಂಕಿ ವರ್ಷಕ್ಕೆ 1,600 ಗಂಟೆ ಓಡಿಸಿದರೆ ಎಂಬ ಲೆಕ್ಕ, ಅದನ್ನು ಭಾಗಿಸಿ ನೋಡಿದವರು ಕಡಿಮೆ. ಗಂಟೆಗೆ ಯೂನಿಟ್‌ನ ಮೂರನೇ ಒಂದು ಪಾಲು ಬರುತ್ತದೆ. ಎಂಟು ಸಾವಿರದ ಬಿಲ್ಲಿನ ಮಾತು ಅಲ್ಲಿಗೇ ಸುಳ್ಳಾಗಬೇಕಿತ್ತು.

ಕೂರಿಸಲು ಬಂದವರು ನೀರಿನ ಪೈಪಿಗೆ ಇಳಿಜಾರು ಕೊಡದೆ ಹೋದರು, ಎರಡನೆಯ ರಾತ್ರಿ ಗೋಡೆಯೊಳಗೆ ನೀರು ಸುರಿಯಿತು. ಫೋನು ಮಾಡಿ ಮಾಡಿ ಸಾಕಾಗಿ ನಮ್ಮ ಪ್ರೆಸ್ಸಿನ ಎಲೆಕ್ಟ್ರಿಷಿಯನ್ನನ್ನು ಕರೆದು ಸರಿಮಾಡಿಸಿದೆ. ಅವರೇ ಬೇರೆ ವಯರು, ಬೇರೆ ಎಂಸಿಬಿ, ಅರ್ಥಿಂಗ್ ಎಲ್ಲ ಹಾಕಿಕೊಟ್ಟದ್ದು. ಬಾಲ್ದಿ ಇಟ್ಟದ್ದೂ ಅವತ್ತೇ, ಪೈಪ್ ಸರಿಯಾಗಿ ಇಳಿಯುತ್ತದೋ ನೋಡಲು.

ಇನ್ನು ಅಳೆಯುವ ವಿಷಯ. ಯಾರು ಬೇಕಾದರೂ ಮಾಡಬಹುದು ಎಂಬ ಕಾರಣಕ್ಕೆ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ನಮ್ಮ ಮೀಟರಿನ ಮೇಲೆ 3200 ಎಂದು ಬರೆದಿದೆ. ದೀಪ 3,200 ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅರ್ಥ. ಬೇರೆ ಮೀಟರಿಗೆ ಬೇರೆ ಸಂಖ್ಯೆ ಇರಬಹುದು, ನೋಡಿಕೊಳ್ಳಬೇಕು. ಒಂದು ರಾತ್ರಿ ಫ್ರಿಜ್ಜು, ಫ್ಯಾನು, ದೀಪ ಎಲ್ಲ ಐದು ನಿಮಿಷ ಆಫ್ ಮಾಡಿಸಿ ಎಸಿ ಮಾತ್ರ ಹಾಕಿದೆ. ಮಗಳು ಮೊಬೈಲಿನಲ್ಲಿ ಒಂದು ನಿಮಿಷ ಹಿಡಿದಳು, ನಾನು ಎಣಿಸಿದೆ. 58. ಅದನ್ನು ಅರವತ್ತರಿಂದ ಗುಣಿಸಿ 3,200ರಿಂದ ಭಾಗಿಸಿದರೆ ಒಂದು ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು. ಎಸಿ ಪೂರ್ತಿ ಜೋರಿನಲ್ಲಿದ್ದಾಗಿನ ಲೆಕ್ಕ ಅದು. ಒಂದೂವರೆ ಗಂಟೆ ಬಿಟ್ಟು, ಕೋಣೆ ತಣ್ಣಗಾದ ಮೇಲೆ, ಮತ್ತೆ ಎಲ್ಲ ಆಫ್ ಮಾಡಿ ಎಣಿಸಿದೆವು. ಈ ಸಲ 19. ಎಂದರೆ 350 ವ್ಯಾಟಿನ ಹತ್ತಿರ, ಹಳೆಯ ಫ್ಯಾನು ನಾಲ್ಕೈದು ಓಡಿಸಿದಷ್ಟು. ಆ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನಿಂತಾಗ ನನ್ನ ಎದೆಯಿಂದ ಒಂದು ಭಾರ ಇಳಿದ ಹಾಗಾಯಿತು.

ದಿನದ ಲೆಕ್ಕಕ್ಕೆ ಇಷ್ಟೂ ಬೇಡ. ಎಸಿ ಬರುವ ಮೊದಲು ನಾಲ್ಕು ರಾತ್ರಿ ನೋಡಿಟ್ಟಿದ್ದೆ: ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಫ್ರಿಜ್ಜು, ಮೂರು ಫ್ಯಾನು ಸೇರಿ 2.6 ಯೂನಿಟ್. ಎಸಿ ಹಾಕಿದ ಮೇಲೆ ಅದೇ ಹೊತ್ತಿನ ರೀಡಿಂಗಿನಿಂದ ಇದನ್ನು ಕಳೆದರೆ ಉಳಿದದ್ದು ಎಸಿಯದು. ಮಗಳ ಹಳೆ ನೋಟ್‌ಪುಸ್ತಕದಲ್ಲಿ ಮೂರು ಕಾಲಂ ಎಳೆದೆ: ಯೂನಿಟ್, ಬಾಲ್ದಿಯ ನೀರು, ಅಮ್ಮ ಎಷ್ಟು ಸಲ ಎದ್ದಳು.

ಮೊದಲ ವಾರ ದಿನಕ್ಕೆ ಐದರ ಮೇಲೆಯೇ ಇತ್ತು. ಕೋಣೆ ತಣ್ಣಗಾದ ಮೇಲೆ 350 ವ್ಯಾಟ್ ಎಂದರೆ ಒಂಬತ್ತು ಗಂಟೆಗೆ ಮೂರು ಯೂನಿಟ್ ಚಿಲ್ಲರೆ ಆಗಬೇಕು, ಐದು ಏಕೆ? ಉತ್ತರ ಬಾಲ್ದಿಯಲ್ಲಿತ್ತು. ಒಂದು ಮಧ್ಯಾಹ್ನ ಪ್ರೆಸ್ಸಿನಲ್ಲಿ ಊಟ ಮಾಡಿ ಕುಳಿತು ಲೆಕ್ಕ ಹಾಕಿದೆ. ಅಮ್ಮನ ಕೋಣೆಯಲ್ಲಿರುವ ಗಾಳಿ ಸುಮಾರು 31 ಘನ ಮೀಟರ್. 31 ಡಿಗ್ರಿ, 84 ಶೇಕಡಾ ಪಸೆ ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 27 ಗ್ರಾಂ. ಹಾಗಾದರೆ ಇಡೀ ಕೋಣೆಯ ಗಾಳಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿದರೂ ಬರುವುದು ಒಂದು ಲೀಟರಿಗೂ ಕಡಿಮೆ. ಬಾಲ್ದಿಯಲ್ಲಿ ಒಂಬತ್ತೂವರೆ! ಉಳಿದ ನೀರೆಲ್ಲ ರಾತ್ರಿಯಿಡೀ ಹೊರಗಿನಿಂದ ಒಳಗೆ ಬರುತ್ತಿತ್ತು. ನಾನು ದುಡ್ಡು ಕೊಟ್ಟು ಕಲ್ಮಾಡಿಯ ಗಾಳಿಯನ್ನು ಒಣಗಿಸುತ್ತಿದ್ದೆ.

ನೀರಿಗೆ ಎಷ್ಟು ಕರೆಂಟು ಹೋಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಆವಿ ನೀರಾಗುವಾಗ ಶಾಖ ಬಿಡುತ್ತದೆ, ಆ ಶಾಖವನ್ನೂ ಎಸಿಯೇ ಹೊತ್ತು ಹೊರಗೆ ಹಾಕಬೇಕು. ಒಂದು ಲೀಟರಿಗೆ ಅದು 0.68 ಯೂನಿಟ್‌ನಷ್ಟು ಶಾಖ. ಒಂಬತ್ತೂವರೆ ಲೀಟರಿಗೆ ಆರೂವರೆ. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಸಾಗಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರೂವರೆ ನಾಲ್ಕು ಯೂನಿಟ್ ಶಾಖ ಹೊತ್ತುಹಾಕುತ್ತದೆ. 5.1 ಯೂನಿಟ್‌ನಲ್ಲಿ ಅದು ಸಾಗಿಸಿದ್ದು ಹದಿನೆಂಟು ಹತ್ತೊಂಬತ್ತು, ಅದರಲ್ಲಿ ಆರೂವರೆ ಬರೀ ನೀರಿನದು. ಮೂರರಲ್ಲಿ ಒಂದು ಪಾಲು. ಒಣ ಊರಿನಲ್ಲಿ ಇದೇ ಎಸಿಗೆ ಈ ಪಾಲಿನ ಬಹುಭಾಗ ಇರುವುದಿಲ್ಲ. ನಮ್ಮಲ್ಲಿ ಬಿಲ್ಲು ಇಳಿಸಬೇಕೆಂದರೆ ಮೊದಲು ಹುಡುಕಬೇಕಾದದ್ದು ನೀರು ಬರುವ ದಾರಿ.

ಹುಡುಕಿದೆ. ಕಿಟಕಿಯ ಮೇಲಿನ ವೆಂಟಿಲೇಟರಿಗೆ ಬಲೆ ಮಾತ್ರ ಇತ್ತು, ಗಾಜೇ ಇರಲಿಲ್ಲ. ಮನೆ ಕಟ್ಟುವಾಗ ಗಾಳಿ ಆಡಲಿ ಎಂದು ನಾನೇ ಬಿಡಿಸಿದ್ದು. ಬಾಗಿಲ ಕೆಳಗೆ ಹೆಬ್ಬೆರಳು ತೂರುವಷ್ಟು ಸಂದು. ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ತೂತು, ಬಚ್ಚಲಿನ ಬಾಗಿಲು ಯಾವಾಗಲೂ ಅರ್ಧ ತೆರೆದು. ಇವೆಲ್ಲ ಯಾರಿಗಾದರೂ ಹೊಳೆಯುವಂಥದ್ದು. ಹೊಳೆಯದೇ ಇದ್ದದ್ದು ಅಮ್ಮನ ಸೀರೆ.

ಅಮ್ಮ ಸಂಜೆ ಮಿಂದು, ಉಟ್ಟ ನೂಲಿನ ಸೀರೆಯನ್ನು ತಾನೇ ಒಗೆದು, ಕೋಣೆಯೊಳಗೆ ಕಟ್ಟಿದ ಹಗ್ಗಕ್ಕೆ ಹಾಕುತ್ತಾಳೆ. ಹೊರಗೆ ಹಾಕಿದರೆ ರಾತ್ರಿ ಇಬ್ಬನಿಗೆ ಒದ್ದೆಯಾಗುತ್ತದೆ ಎಂದು. ಐವತ್ತು ವರ್ಷದ ಅಭ್ಯಾಸ. ಒಂದು ಸಂಜೆ ಆ ಸೀರೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಬೆಳಿಗ್ಗೆ ಒಣಗಿದ ಮೇಲೆ ಮತ್ತೆ ಇಟ್ಟೆ. 580 ಗ್ರಾಂ ವ್ಯತ್ಯಾಸ. ಅರ್ಧ ಲೀಟರಿಗೂ ಹೆಚ್ಚು ನೀರು ಆ ಸೀರೆಯಿಂದ ಗಾಳಿಗೆ, ಗಾಳಿಯಿಂದ ಎಸಿಗೆ, ಎಸಿಯಿಂದ ಬಾಲ್ದಿಗೆ. ಅದರ ಜೊತೆ ಮೈ ಒರೆಸಿದ ಒದ್ದೆ ಬೈರಾಸು ಬೇರೆ. ಅಮ್ಮನಿಗೆ ತಕ್ಕಡಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಂಗಾರೆ ಹಿಂದಿನ ಜಗಲಿಗ್ ಹಾಕ್ತೆ ಬಿಡ್" ಅಂದಳು. ಅವತ್ತಿನಿಂದ ಹಿಂದಿನ ಜಗಲಿಗೇ.

ವೆಂಟಿಲೇಟರಿಗೆ ಗಾಜು ಹಾಕಿಸಲು 450 ರೂಪಾಯಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿಗೆ 180, ಎಕ್ಸಾಸ್ಟಿಗೆ ಮುಚ್ಚಳ. ಪೂರ್ತಿ ಉಸಿರುಗಟ್ಟುವ ಹಾಗೆ ಮುಚ್ಚಿಲ್ಲ. ರಾತ್ರಿ ಎರಡು ಮೂರು ಸಲ ಬಾಗಿಲು ತೆರೆದೇ ತೆರೆಯುತ್ತದೆ. ಅದರ ಮರು ವಾರದ ಪುಟದಲ್ಲಿ ಹೀಗಿದೆ: 3.6 ಯೂನಿಟ್, ಆರು ಲೀಟರ್, ಒಂದು ಸಲ.

24 ಡಿಗ್ರಿಗೆ ಇಟ್ಟರೆ ಅಮ್ಮನಿಗೆ ಮೊಣಕಾಲು ನೋವು. 2020ರ ಜನವರಿಯಿಂದ ಬರುವ ಸ್ಟಾರ್ ಚೀಟಿಯ ಎಸಿಗಳು ಹಾಕಿದ ಕೂಡಲೇ 24ರಲ್ಲೇ ಶುರುವಾಗಬೇಕು ಎಂದು ಸ್ಟಾರ್ ಚೀಟಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ನಿಯಮ. ಒಂದೊಂದು ಡಿಗ್ರಿ ಮೇಲಿಟ್ಟಷ್ಟೂ ಶೇಕಡಾ ಆರರಷ್ಟು ಕರೆಂಟು ಉಳಿಯುತ್ತದೆ ಎಂದೂ ಅವರು ಹೇಳುತ್ತಾರೆ. ನಾವು 27ಕ್ಕೆ ಇಟ್ಟು ಫ್ಯಾನನ್ನು ಎರಡರಲ್ಲಿ ಬಿಟ್ಟೆವು. ಮಂಚದ ತಲೆಯ ಮೀಟರಿನಲ್ಲಿ 27 ಡಿಗ್ರಿ, 58 ಶೇಕಡಾ. ಪ್ರೆಸ್ಸಿನ ಮುಳ್ಳಿಗೆ ಮೂರೇ ಹೆಜ್ಜೆ ದೂರ. ಅಮ್ಮ ತೆಳು ಹೊದಿಕೆ ಹೊದ್ದು ಬೆಳಗಿನವರೆಗೆ ನಿದ್ದೆ ಮಾಡಿದಳು. ಯೂನಿಟ್ 3.2ಕ್ಕೆ ಇಳಿಯಿತು. 27 ಡಿಗ್ರಿ ಎಂದರೆ ಎಸಿ ಹಾಕಿಯೂ ಉಪಯೋಗವಿಲ್ಲ ಎನ್ನುವವರು ಒಂದು ರಾತ್ರಿ ನಮ್ಮ ಮನೆಗೆ ಬರಲಿ. ನೀರು ಇಳಿದ 27 ಬೇರೆ, ನೀರು ತುಂಬಿದ 27 ಬೇರೆ.

ಈಗ ದುಡ್ಡು.

ಗೃಹಜ್ಯೋತಿಯಲ್ಲಿ ನಮಗೆ ಉಚಿತ ಸಿಗುವುದು 130 ಯೂನಿಟ್, 2022-23ರ ನಮ್ಮ ಸರಾಸರಿಗೆ ಶೇಕಡಾ ಹತ್ತು ಸೇರಿಸಿ ಬಂದದ್ದು. 130 ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ಲು. ಎಸಿಯ ಖರ್ಚು ಎಷ್ಟು ಎಂದು ಕೇಳಿದರೆ ಕರ್ನಾಟಕದಲ್ಲಿ ಈ ಗೆರೆಯನ್ನು ಬಿಟ್ಟು ಉತ್ತರ ಹೇಳಲಾಗದು. ಮಾರ್ಚಿನಲ್ಲಿ ನಮ್ಮದು 271 ಯೂನಿಟ್ ಆಯಿತು, 2,100ರ ಮೇಲೆ ಬಂತು. ಅದಕ್ಕೆ ಮೊದಲು ಬೇಸಿಗೆಯಲ್ಲೂ ಹದಿನೈದಿಪ್ಪತ್ತು ಯೂನಿಟ್‌ಗೆ ಕಟ್ಟುತ್ತಿದ್ದವರು ನಾವು. 2025ರ ಏಪ್ರಿಲಿನಿಂದ ದರ ಬದಲಾಯಿತು: ಆಗ ಯೂನಿಟ್‌ಗೆ 5.80, ವಿದ್ಯುತ್ ನೌಕರರ ಪಿಂಚಣಿಯ ಬಾಬ್ತು ಇನ್ನೂ 36 ಪೈಸೆ, ಮೇಲೆ ತೆರಿಗೆ. ಒಟ್ಟು ಏಳು ರೂಪಾಯಿಯ ಹತ್ತಿರ ಎಂದು ನಾನು ಹಿಡಿದೆ. ಮಂಜೂರಾದ ಲೋಡಿನ ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ ಬೇರೆ ಇತ್ತು, ನಮ್ಮದು ಮೂರು ಕಿಲೋವ್ಯಾಟ್.

ಇದನ್ನೆಲ್ಲ ನೋಡಿ ಏಪ್ರಿಲಿನಲ್ಲಿ 200ರ ಒಳಗೆ ನಿಲ್ಲಬೇಕೆಂದು ಹಟ ಹಿಡಿದೆ. ಅಮ್ಮನ ಕೋಣೆ ಮತ್ತು ಹಾಲಿನ ಹಳೆ ಫ್ಯಾನು ತೆಗೆದು ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟರಿನ ಫ್ಯಾನು ಹಾಕಿಸಿದೆ. ಹಳೆಯದು 75 ವ್ಯಾಟ್, ಹೊಸದು 30. ಎರಡೂ ದಿನದ ಬಹುಪಾಲು ಹೊತ್ತು ತಿರುಗುವ ಫ್ಯಾನುಗಳು, ತಿಂಗಳಿಗೆ ನಲವತ್ತು ಯೂನಿಟ್‌ನಷ್ಟು ಇಳಿಯಿತು. ಅಷ್ಟು ಕರೆಂಟು ವರ್ಷಗಟ್ಟಲೆ ತಲೆಯ ಮೇಲೆಯೇ ಸುತ್ತುತ್ತಿತ್ತು, ನಾನು ಎಸಿಗೆ ಹೆದರಿಕೊಂಡಿದ್ದೆ. ತಾರಸಿಯ ಮೇಲೆ, ಅಮ್ಮನ ಕೋಣೆಯ ಭಾಗಕ್ಕೆ, ತೋಟದ ಒಣ ತೆಂಗಿನ ಮಡಲು ಎರಡು ಪದರ ಹಾಸಿದೆ. ಸಂಜೆ ಸ್ಲ್ಯಾಬಿನ ಕೆಳಗೆ ಕೈ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಮಲ್ಪೆಯ ಗಾಳಿಗೆ ಎಸಿಯ ಹೊರಗಿನ ಪೆಟ್ಟಿಗೆಯ ರೆಕ್ಕೆಗಳಿಗೆ ಉಪ್ಪು ಕೂರುತ್ತದೆಂದು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯುತ್ತೇನೆ. ಒಳಗಿನ ಜಾಲರಿ ಹದಿನೈದು ದಿನಕ್ಕೊಮ್ಮೆ.

ನಾನು ಬಿಲ್ಲಿನ ಗೆರೆಯ ಬಗ್ಗೆ ಊಟದ ಹೊತ್ತಿಗೆ ಮಾತಾಡುತ್ತಿದ್ದೆ. ಅಮ್ಮ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳುತ್ತಿದ್ದಳು, "ಇವತ್ತ್ ಎಷ್ಟ್ ಆಯ್ತ್ ಮಗಾ?" ನಾನು ಖುಷಿಯಲ್ಲಿ ಹೇಳುತ್ತಿದ್ದೆ. ಏಪ್ರಿಲ್ ಕೊನೆಯ ವಾರದ ಪುಟಗಳಲ್ಲಿ ಯೂನಿಟ್ ಒಮ್ಮೆಲೇ ಇಳಿದಿದೆ: 1.9, 1.7, 2.0. ನೀರೂ ಇಳಿದಿದೆ. ಮಡಲಿನ ಫಲ ಎಂದುಕೊಂಡೆ. ಮೂರನೆಯ ಕಾಲಂ ಖಾಲಿ; ಆ ವಾರ ಕೇಳುವುದನ್ನು ನಾನು ಬಿಟ್ಟಿದ್ದೆ.

29ರ ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದಾಗ ಅಮ್ಮನ ಕೋಣೆಯಿಂದ ಎಸಿಯ ಸದ್ದು ಕೇಳಲಿಲ್ಲ. ಬಾಗಿಲು ತೆರೆದೆ. ಬೆಚ್ಚಗಿನ ಗಾಳಿ ಮುಖಕ್ಕೆ ಹೊಡೆಯಿತು. ಅಮ್ಮ ಮಂಚದ ಅಂಚಿನಲ್ಲಿ ಕುಳಿತು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ರವಿಕೆಯ ಬೆನ್ನು ಒದ್ದೆ, ಹೋದ ವರ್ಷ ಬಚ್ಚಲ ಬಾಗಿಲಲ್ಲಿ ಕಂಡ ಹಾಗೆಯೇ. ರಿಮೋಟು ದಿಂಬಿನ ಕೆಳಗೆ. ದಿನಾ ಒಂದು ಗಂಟೆಗೆ ಆಫ್ ಮಾಡಿ ಐದಕ್ಕೆ ಮತ್ತೆ ಹಾಕುತ್ತಿದ್ದಳಂತೆ, ನನಗೆ ಗೊತ್ತಾಗಬಾರದೆಂದು.

"ಇನ್ನೂರ್ ದಾಂಟ್ರೆ ಎಲ್ಲಾ ಕಟ್ಕ್ ಅಂದ್ಯಲೆ ಮಗಾ. ನನ್ ಒಬ್ಳಿಗೆ ಅಷ್ಟ್ ದುಡ್ಡ್ ಎಂತಕ್?"

ನಾನು ಎಸಿ ಹಾಕಿದೆ. ಒಂದು ಲೋಟ ಉಪ್ಪು-ಸಕ್ಕರೆ ನೀರು ಮಾಡಿ ತಂದೆ. ಅವಳು ಕುಡಿಯುವಾಗ ಪಕ್ಕದಲ್ಲಿ ಕುಳಿತು, ಒಂದು ರಾತ್ರಿಯ ಲೆಕ್ಕವನ್ನು ಅವಳ ಭಾಷೆಯಲ್ಲಿ ಹೇಳಿದೆ. 3.2 ಯೂನಿಟ್, ಇಪ್ಪತ್ತೆರಡು ರೂಪಾಯಿ. ಮಲ್ಪೆ ರಸ್ತೆಯಲ್ಲಿ ಒಂದು ಬೊಂಡಕ್ಕೆ, ಎಂದರೆ ಎಳನೀರಿಗೆ, ಐವತ್ತರ ಮೇಲೆ ಕೊಡುತ್ತೇವೆ. ಅರ್ಧ ಬೊಂಡದ ದುಡ್ಡಿಗೂ ಕಡಿಮೆ ಅಮ್ಮ, ಎಂದೆ. ಹೋದ ವರ್ಷದ ಮೂರು ದಿನದ ಆಸ್ಪತ್ರೆಯ ಬಿಲ್ಲಿನಲ್ಲಿ ಇಂಥ ರಾತ್ರಿಗಳು ಎಷ್ಟು ಬರುತ್ತವೆ ಎಂಬುದನ್ನೂ ಹೇಳಿದೆ: ನಾಲ್ಕು ಬೇಸಿಗೆ ಪೂರ್ತಿ ಮುಗಿದರೂ ಆ ದುಡ್ಡು ಮಿಗುತ್ತದೆ. ಅವಳು "ಹೌದಾ" ಅಂದಳು, ನಂಬಿದಳೋ ಇಲ್ಲವೋ. ಮರುದಿನದಿಂದ ಊಟದ ಹೊತ್ತಿಗೆ ಯೂನಿಟ್ ಮಾತು ನಿಲ್ಲಿಸಿದೆ. ಪುಸ್ತಕವನ್ನು ಅಮ್ಮನ ಕಣ್ಣಿಗೆ ಬೀಳದ ಹಾಗೆ ಕಪಾಟಿನ ಮೇಲೆ ಇಟ್ಟೆ.

ಏಪ್ರಿಲಿನ ರೀಡಿಂಗ್ ಮೇ 5ಕ್ಕೆ. 207 ಯೂನಿಟ್ ಆಗಿತ್ತು. ಏಳು ಯೂನಿಟ್‌ಗೆ ಗೆರೆ ತಪ್ಪಿತು, 1,800ರ ಮೇಲೆ ಬಂತು. 199ಕ್ಕೆ ನಿಂತಿದ್ದರೆ ಒಂಬೈನೂರು ರೂಪಾಯಿಗೂ ಮೇಲೆ ಉಳಿಯುತ್ತಿತ್ತು. ಹೆಂಡತಿ ಬಿಲ್ಲು ನೋಡಿ, "ಇಸ್ತ್ರಿ ಒಂದು ವಾರ ಹಾಕದಿದ್ದರೆ ಆಗುತ್ತಿತ್ತು" ಅಂದಳು. ಆಗುತ್ತಿತ್ತು, ನಿಜ. ಉಳಿಸುವುದಿದ್ದರೆ ಇಸ್ತ್ರಿಯಲ್ಲಿ, ಬಚ್ಚಲ ಗೀಸರಿನಲ್ಲಿ, ನನ್ನ ಕೋಣೆಯ ಫ್ಯಾನಿನಲ್ಲಿ ಉಳಿಸಬೇಕು ಎಂದು ಅವತ್ತು ನಾವಿಬ್ಬರೂ ಮಾತಾಡಿಕೊಂಡೆವು. ಅಮ್ಮನ ಒಂಬತ್ತು ಗಂಟೆಗೆ ಕೈ ಹಾಕುವುದಿಲ್ಲ.

2025ರಲ್ಲಿ ಮಳೆ ಬೇಗ ಬಂತು. ಮೇ 24ಕ್ಕೆ ಕೇರಳದಲ್ಲಿ ಮುಂಗಾರು ಎಂದರು, ನಮ್ಮಲ್ಲೂ ಅದರ ಬೆನ್ನಿಗೇ ಸುರಿಯಿತು. ಅದಕ್ಕೆ ಮೊದಲೇ ಮಳೆ ಬಂದ ರಾತ್ರಿಗಳಲ್ಲಿ ಎಸಿ ಹಾಕಲೇ ಇಲ್ಲ. ಮೇ ತಿಂಗಳ ಲೆಕ್ಕ 173 ಯೂನಿಟ್, ಹಣ ಕಟ್ಟಿದ್ದು 43ಕ್ಕೆ ಮಾತ್ರ.

ಪಕ್ಕದ ಮನೆಯ ಮಾಷ್ಟ್ರಿಗೆ 81. ಅವರ ಮನೆಯಲ್ಲೂ ಎಂಟು ಸಾವಿರದ ಬಿಲ್ಲಿನದೇ ಮಾತು. ಮೊನ್ನೆ ಅವರ ಮಗ ಬಂದು ಕೇಳಿದಾಗ ನೋಟ್‌ಪುಸ್ತಕ ಕೊಟ್ಟು ಕಳಿಸಿದೆ, ಜೊತೆಗೆ ಮಂಚದ ತಲೆಯ ಆರ್ದ್ರತೆ ಮೀಟರನ್ನೂ. ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳಿ, ಮೊದಲು ಮಾಷ್ಟ್ರ ಕೋಣೆಯ ವೆಂಟಿಲೇಟರಿಗೆ ಗಾಜು ಇದೆಯೋ ನೋಡಿ ಎಂದು ಹೇಳಿದ್ದೇನೆ. ಬಾಲ್ದಿ ಇನ್ನೂ ಅಲ್ಲೇ ಇದೆ. ಈಗ ಅದರಲ್ಲಿ ತುಂಬುವುದು ಮಾಡಿನ ನೀರು.